ಹಿರಿಯರ ವಿದೇಶ ಪ್ರವಾಸ ಕೈಪಿಡಿ: ಉಳಿದದ್ದೆಲ್ಲ ಚೆನ್ನಾಗಿದೆ, ಗಾಂಜಾ ಅಧ್ಯಾಯ ಮಾತ್ರ ತಿದ್ದಲೇಬೇಕು

ನಮ್ಮದು ಗಂಗಾವತಿ. 31 ವರ್ಷದಿಂದ ಮೆಡಿಕಲ್ ಶಾಪ್ ನಡೆಸುತ್ತಿದ್ದೇನೆ. ಕಳೆದ ಸೆಪ್ಟೆಂಬರ್‌ನಲ್ಲಿ, ಅಂದರೆ 2025ರಲ್ಲಿ, ನಾನು ಮತ್ತು ನನ್ನ ಹೆಂಡತಿ ಯುರೋಪ್ ಪ್ರವಾಸಕ್ಕೆ ಹೋಗಿ ಬಂದೆವು. ಒಟ್ಟು 14 ಜನ, ಗಂಗಾವತಿ, ಸಿಂಧನೂರು, ಬಳ್ಳಾರಿ ಕಡೆಯವರೇ, ಎಲ್ಲರೂ 60 ದಾಟಿದವರು. ಟೂರ್‌ನವರು ಹೊರಡುವ ಮುಂಚೆ ಎಲ್ಲರಿಗೂ ಒಂದೊಂದು ಕೈಪಿಡಿ ಕೊಟ್ಟರು. ಹಿರಿಯರಿಗಾಗಿಯೇ ಕನ್ನಡದಲ್ಲಿ ಮಾಡಿದ ಪ್ರವಾಸ ಮಾರ್ಗದರ್ಶಿ, 2024ರ ಮುದ್ರಣ. ಟೂರಿಗೆ ಬರದವರಿಗೂ 350 ರೂಪಾಯಿಗೆ ಮಾರುತ್ತಾರೆ. ಕಂಪನಿಯ ಹೆಸರು ಇಲ್ಲಿ ಬರೆಯುವುದಿಲ್ಲ, ಅವರಿಗೆ ಹೇಳಬೇಕಾದದ್ದನ್ನು ಪತ್ರದಲ್ಲಿ ಹೇಳಿದ್ದೇನೆ. ಆದರೆ ಇಂಥ ಪುಸ್ತಕಗಳು ಈಗ ಜಾಸ್ತಿ ಬರುತ್ತಿವೆ. ಒಂದರಲ್ಲಿ ಬರೆದದ್ದನ್ನೇ ಇನ್ನೊಂದರಲ್ಲಿ ಹಾಕುತ್ತಾರೆ. ಹಾಗಾಗಿ ಕೊಳ್ಳುವವರಿಗೆ, ಅದಕ್ಕಿಂತ ಹೆಚ್ಚಾಗಿ ಅಪ್ಪ ಅಮ್ಮನನ್ನು ಪ್ರವಾಸಕ್ಕೆ ಕಳಿಸುವ ಮಕ್ಕಳಿಗೆ, ಗೊತ್ತಿರಲಿ ಅಂತ ಬರೆಯುತ್ತಿದ್ದೇನೆ.

ಮೊದಲು ಒಳ್ಳೆಯದನ್ನು ಹೇಳಿಬಿಡುತ್ತೇನೆ. ಅಕ್ಷರ ದೊಡ್ಡದು, ಕನ್ನಡಕ ಹುಡುಕದೆ ಓದಬಹುದು. ಗುಳಿಗೆಗಳನ್ನು ಕೈಚೀಲದಲ್ಲೇ ಇಟ್ಟುಕೊಳ್ಳಿ, ಡಾಕ್ಟರ್ ಚೀಟಿಯ ಎರಡು ಪ್ರತಿ ಇರಲಿ, ಶೌಚಾಲಯಕ್ಕೆ ಚಿಲ್ಲರೆ ಕಾಸು ಜೇಬಿನಲ್ಲಿರಲಿ, ಯುರೋಪಿನಲ್ಲಿ ಎಲ್ಲಿದ್ದರೂ 112ಕ್ಕೆ ಫೋನ್ ಮಾಡಿ, ಇಂಥ ಮಾತುಗಳೆಲ್ಲ ಸರಿಯಾಗಿವೆ. ನಮ್ಮ ಗುಂಪಿನಲ್ಲಿ ಮೂವರು ಮೊದಲ ಸಲ ವಿಮಾನ ಹತ್ತಿದವರು. ಅವರು ಈ ಪುಸ್ತಕವನ್ನು ಎದೆಗೆ ಅವಚಿಕೊಂಡೇ ಓಡಾಡಿದರು. ಅಷ್ಟು ನಂಬಿಕೆ ಅದರ ಮೇಲೆ. ನಂಬಿಕೆ ಅಷ್ಟಿದೆ ಅನ್ನುವ ಕಾರಣಕ್ಕೇ ನನಗೆ ಆ ಒಂದು ಅಧ್ಯಾಯದ ಮೇಲೆ ಸಿಟ್ಟು.

ಆರು ಪುಟದ ಅಧ್ಯಾಯ ಅದು. ವಿದೇಶದಲ್ಲಿ ಎಲ್ಲೆಲ್ಲಿ ಗಾಂಜಾ ಕಾನೂನುಬದ್ಧ, ಹಿರಿಯರು ಅದನ್ನು ಹೇಗೆ ಬಳಸಬಹುದು ಅಂತ. ಇಂಥದ್ದನ್ನು ಬರೆದದ್ದೇ ತಪ್ಪು ಅಂತ ನಾನು ಹೇಳುವುದಿಲ್ಲ. ಬರೆದದ್ದು ಒಳ್ಳೆಯದೇ ಆಯಿತು. ಯಾಕೆಂದರೆ ಜನ ಕೇಳುತ್ತಾರೆ. ನನ್ನ ಕೌಂಟರ್‌ಗೇ ಬಂದು ಕೇಳುತ್ತಾರೆ. ಮಗ ಅಮೆರಿಕದಲ್ಲಿದ್ದಾನೆ, ಅಲ್ಲಿ ಭಂಗಿ ಎಣ್ಣೆ ಸಿಗುತ್ತದಂತೆ, ಮೊಣಕಾಲಿಗೆ ಹಚ್ಚಿದರೆ ನೋವು ಹೋಗುತ್ತದಂತೆ, ಹೌದಾ ಅಂತ. ಇವರು ಮೋಜಿಗೆ ಕೇಳುವವರಲ್ಲ. ಹತ್ತು ಹನ್ನೆರಡು ವರ್ಷ ನೋವಿನ ಗುಳಿಗೆ ತಿಂದು ಹೊಟ್ಟೆ ಕೆಟ್ಟಿದೆ, ಕಿಡ್ನಿ ಹಾಳಾಗುತ್ತದೆ ನಿಲ್ಲಿಸಿ ಅಂತ ಡಾಕ್ಟರ್ ಹೇಳಿದ್ದಾರೆ, ರಾತ್ರಿ ನಿದ್ದೆ ಇಲ್ಲ. ಮನೆಯಲ್ಲಿ ಮಕ್ಕಳ ಹತ್ತಿರ ಈ ಮಾತು ತೆಗೆಯಲು ಸಂಕೋಚ. ಅಂಥವರಿಗೆ ಒಂದು ಪುಸ್ತಕ ಮುಚ್ಚುಮರೆ ಇಲ್ಲದೆ ಮಾತಾಡಿದರೆ ಅದು ಉಪಕಾರವೇ.

ಆದರೆ ಈ ಪುಸ್ತಕ ಏನು ಮಾಡಿದೆ ಅಂದರೆ, ಪೊಲೀಸರು ಹಿಡಿಯುವುದಿಲ್ಲ ಅನ್ನುವುದನ್ನೇ ಮೈಗೆ ಏನೂ ಆಗುವುದಿಲ್ಲ ಅನ್ನುವ ಹಾಗೆ ಬರೆದಿದೆ. ಆರು ಪುಟದಲ್ಲಿ ಬಿಪಿ ಅನ್ನುವ ಪದ ಒಂದು ಸಲವೂ ಇಲ್ಲ. ಶುಗರ್ ಇಲ್ಲ. ರಕ್ತ ತೆಳು ಮಾಡುವ ಗುಳಿಗೆಯ ಮಾತಿಲ್ಲ. ಮುಖಪುಟದ ಮೇಲೆ ಹಿರಿಯರಿಗಾಗಿ ಅಂತ ಬರೆದು, ಒಳಗೆ 25 ವರ್ಷದ ಹುಡುಗನಿಗೆ ಹೇಳುವ ಹಾಗೆ ಹೇಳಿದ್ದಾರೆ.

ಆಮ್‌ಸ್ಟರ್‌ಡ್ಯಾಂನಲ್ಲಿ ಏನಾಯಿತು ಅಂತ ಹೇಳುತ್ತೇನೆ. ನಮ್ಮ ಗುಂಪಿನಲ್ಲಿ ತುಂಗಭದ್ರಾ ಎಡದಂಡೆ ಕಾಲುವೆ ಕಡೆಯ ಒಬ್ಬ ಭತ್ತದ ರೈತರಿದ್ದರು, ವಯಸ್ಸು 71. ಇದನ್ನು ಬರೆಯಲಾ ಅಂತ ಅವರನ್ನೇ ಕೇಳಿದೆ. "ಬರಿ, ನನ್ನ ಹೆಸರು, ಊರು ಹಾಕಬ್ಯಾಡ" ಅಂದರು. ಗೌಡರು ಅಂತಲೇ ಕರೆಯುತ್ತೇನೆ. ಎರಡೂ ಮೊಣಕಾಲು ಸವೆದಿವೆ. ಮೂರು ದಿನ ನಡೆದು ನಡೆದು ಕಾಲು ಊದಿಕೊಂಡಿತ್ತು. ಪುಸ್ತಕದಲ್ಲಿ ಹೊಗೆ ಬೇಡ ಅನ್ನುವ ಹಿರಿಯರಿಗೆ ಗಾಂಜಾ ಬೆರೆಸಿದ ಕೇಕ್ ಒಳ್ಳೆಯದು, ಒಂದು ತುಂಡು ತಿಂದರೆ ನೋವು ಮರೆತು ಚೆನ್ನಾಗಿ ನಿದ್ದೆ ಬರುತ್ತದೆ ಅಂತ ಬರೆದಿತ್ತು. ಅವರು ಪುಸ್ತಕ ಹಿಡಿದೇ ಹೋಗಿ ಕೊಂಡು ತಂದರು. ಕಾಗದದಲ್ಲಿ ಸುತ್ತಿದ ಒಂದು ಅಂಗೈ ಅಗಲದ ಕೇಕು. ಅದರ ಮೇಲೆ ನಶೆ ಕೊಡುವ ಅಂಶ, ಅಂದರೆ ಟಿಎಚ್‌ಸಿ, ಎಷ್ಟು ಮಿಲಿಗ್ರಾಂ, ಏನು ಕಥೆ, ಒಂದೂ ಬರೆದಿರಲಿಲ್ಲ.

ಸಂಜೆ ಏಳೂವರೆಗೆ ಅರ್ಧ ತಿಂದರು. ಮುಕ್ಕಾಲು ಗಂಟೆ ಕಾದರು. ಏನೂ ಆಗಲಿಲ್ಲ. "ಇದೇನು, ಬರೇ ಸಿಹಿ ರೊಟ್ಟಿ ಇದ್ದಂಗೈತಲ್ಲ" ಅಂತ ಉಳಿದ ಅರ್ಧವನ್ನೂ ತಿಂದರು. ತಪ್ಪಾದದ್ದು ಇಲ್ಲೇ. ಸೇದಿದರೆ ಕೆಲವೇ ನಿಮಿಷದಲ್ಲಿ ಗೊತ್ತಾಗುತ್ತದೆ. ತಿಂದರೆ ಹಾಗಲ್ಲ. ಹೊಟ್ಟೆಗೆ ಹೋಗಿ, ಲಿವರ್ ದಾಟಿ, ಆಮೇಲೆ ತಲೆಗೆ ಏರಬೇಕು. ಅರ್ಧ ಗಂಟೆಯಿಂದ ಎರಡು ಗಂಟೆ ಬೇಕು, ಊಟ ಮಾಡಿದ್ದರೆ ಇನ್ನೂ ತಡ. ಏರಿತು ಅಂದರೆ ಆರು ಎಂಟು ಗಂಟೆ ಇಳಿಯುವುದಿಲ್ಲ, ವಯಸ್ಸಾದವರಲ್ಲಿ ಇನ್ನೂ ಜಾಸ್ತಿ ಹೊತ್ತು ನಿಲ್ಲಬಹುದು. ಮೊದಲ ತುಂಡು ಕೆಲಸ ಶುರು ಮಾಡುವ ಮೊದಲೇ ಎರಡನೆಯದನ್ನು ತಿಂದುಬಿಡುವುದು, ಹೊಸಬರು ಎಲ್ಲ ಕಡೆ ಮಾಡುವ ತಪ್ಪು ಇದೊಂದೇ. ಕೆನಡಾದಲ್ಲಿ ಸರ್ಕಾರವೇ ಹೊಸಬರಿಗೆ ಎರಡೂವರೆ ಮಿಲಿಗ್ರಾಂ ಇಲ್ಲವೇ ಅದಕ್ಕಿಂತ ಕಡಿಮೆಯಿಂದ ಶುರು ಮಾಡಿ, ಕಾಯಿರಿ ಅಂತ ಹೇಳುತ್ತದೆ. ಈ ಪುಸ್ತಕದಲ್ಲಿ ಎರಡು ಗಂಟೆ ಕಾಯಿರಿ ಅನ್ನುವ ಒಂದು ಸಾಲು ಇದ್ದಿದ್ದರೆ ಆ ರಾತ್ರಿ ಅಷ್ಟು ಕಷ್ಟ ಆಗುತ್ತಲೇ ಇರಲಿಲ್ಲ.

ಒಂಬತ್ತೂಕಾಲಿಗೆ ಅವರ ಹೆಂಡತಿ ಬಂದು ನಮ್ಮ ಬಾಗಿಲು ಬಡಿದರು. ಹೋಗಿ ನೋಡಿದರೆ ಗೌಡರು ಬಚ್ಚಲುಮನೆಯ ಹೊಸ್ತಿಲಲ್ಲಿ ಗೋಡೆಗೆ ಒರಗಿ ಕುಳಿತಿದ್ದಾರೆ. ಬನಿಯನ್ ಬೆವರಿಗೆ ಮೈಗೆ ಅಂಟಿದೆ. ತುಟಿ ಒಣಗಿ ಬಿಳಿಚಿಕೊಂಡಿದೆ. ಕೈ ಹಿಡಿದೆ, ತಣ್ಣಗಿತ್ತು. ನಾಡಿ ಓಡುತ್ತಿತ್ತು, ಗಡಿಯಾರ ನೋಡಿ ಎಣಿಸಿದೆ, ನಿಮಿಷಕ್ಕೆ 124. ನಾನು ಎಲ್ಲಿ ಹೋದರೂ ಬಿಪಿ ಮಷೀನು ಮತ್ತು ಶುಗರ್ ನೋಡುವ ಮಷೀನು ಚೀಲದಲ್ಲಿ ಇಟ್ಟುಕೊಂಡಿರುತ್ತೇನೆ, ರೂಢಿ ಅದು. ಬಿಪಿ 96ಕ್ಕೆ 58. ಎದ್ದು ನಿಲ್ಲಲು ಹೋದರು, ಮೊಣಕಾಲು ಕುಸಿದವು, ಹಿಡಿದುಕೊಂಡೆ. ವಾಶ್‌ಬೇಸಿನ್ನಿನ ಅಂಚು ಅವರ ಹಣೆಯಿಂದ ನಾಲ್ಕು ಬೆರಳು ದೂರದಲ್ಲಿತ್ತು. ಅಲ್ಲೇ ನೆಲದ ಮೇಲೆ ಮಲಗಿಸಿ ಕಾಲ ಕೆಳಗೆ ಎರಡು ದಿಂಬು ಕೊಟ್ಟೆ. ಬೆರಳು ಚುಚ್ಚಿ ಶುಗರ್ ನೋಡಿದೆ, 148. ಸದ್ಯ, ಶುಗರ್ ಇಳಿದಿಲ್ಲ ಅಂತ ಸಮಾಧಾನ ಆಯಿತು. "ತಮ್ಮಾ, ಗ್ವಾಡಿ ಉಸಿರಾಡಾಕತ್ತೈತಿ" ಅಂದರು. ಸ್ವಲ್ಪ ಹೊತ್ತಿಗೆ, "ನಾ ಸಾಯಾಕತ್ತೀನಿ, ಹೌದಿಲ್ಲೋ?" ಅಂದರು. ಇಲ್ಲ ಅಣ್ಣಾ, ಇಳೀತದ, ನಾನಿಲ್ಲೇ ಇದ್ದೀನಿ ಅಂದೆ. ಅವರ ಹೆಂಡತಿ ಎರಡೂ ಪಾದ ಗಟ್ಟಿಯಾಗಿ ಹಿಡಿದು ಕುಳಿತಿದ್ದರು. "ಪುಸ್ತಕದಾಗ ಏನೂ ಆಗಂಗಿಲ್ಲ ಅಂತ ಬರದಾರಲ್ರೀ ಅಣ್ಣಾರ" ಅಂತ ಅವರು ಕೇಳಿದ್ದು ನನಗೆ ಈಗಲೂ ಕಿವಿಯಲ್ಲಿದೆ.

ಹೋಟೆಲಿನವರಿಗೆ ಹೇಳಿದೆವು, ಆಂಬುಲೆನ್ಸ್‌ನವರು ಬಂದು ಇಸಿಜಿ ತೆಗೆದರು. ಏನು ತಿಂದರು, ಎಷ್ಟು ತಿಂದರು, ಯಾವ ಗುಳಿಗೆ ತೆಗೆದುಕೊಳ್ಳುತ್ತಾರೆ ಅಂತ ಕೇಳಿದರು. ಬೈಯಲಿಲ್ಲ, ಪೊಲೀಸರ ಮಾತೇ ಎತ್ತಲಿಲ್ಲ. ಇದನ್ನು ಎಲ್ಲರೂ ತಿಳಿದುಕೊಂಡಿರಿ, ಇಂಥ ಹೊತ್ತಿನಲ್ಲಿ ಮುಚ್ಚಿಡಬಾರದು. ಒಬ್ಬರನ್ನೇ ಬಿಡಬೇಡಿ, ಏಳಲು ಬಿಡಬೇಡಿ, ಎದೆನೋವು ಬಂದರೆ ಮತ್ತೆ ಕರೆಯಿರಿ ಅಂತ ಹೇಳಿ ಹೋದರು. ಗೌಡರಿಗೆ ನಿದ್ದೆ ಹತ್ತಿದಾಗ ರಾತ್ರಿ ಮೂರು ಗಂಟೆ. ನಿದ್ದೆಗೆ ಜಾರುವ ಮೊದಲು ಹೇಳಿದ್ದು ಒಂದೇ ಮಾತು, "ಮಗಗ ಹೇಳಬ್ಯಾಡ್ರಿ."

ಮರುದಿನ ಅವರ ಗುಳಿಗೆ ಡಬ್ಬಿ ತೆಗೆದು ನೋಡಿದೆ. ಬಿಪಿಗೆ ಆಮ್ಲೋಡಿಪಿನ್, ಶುಗರ್‌ಗೆ ಮೆಟ್‌ಫಾರ್ಮಿನ್ ಜೊತೆ ಗ್ಲಿಮೆಪಿರೈಡ್, ಮೂತ್ರದ ತೊಂದರೆಗೆ ರಾತ್ರಿ ಟ್ಯಾಮ್ಸುಲೋಸಿನ್. ನಮ್ಮ ಕಡೆ 65 ದಾಟಿದ ಎಷ್ಟೋ ಗಂಡಸರ ಡಬ್ಬಿಯಲ್ಲಿ ಇರುವುದು ಇವೇ. ಈಗ ನೋಡಿ, ಟ್ಯಾಮ್ಸುಲೋಸಿನ್ ತೆಗೆದುಕೊಂಡವರು ಮಲಗಿದ್ದವರು ಪಟ್ಟನೆ ಎದ್ದರೆ ಬಿಪಿ ಇಳಿದು ತಲೆ ಸುತ್ತುವುದುಂಟು. ಅದನ್ನು ಕೊಡುವಾಗ ನಾನು ಯಾವಾಗಲೂ ನಿಧಾನವಾಗಿ ಏಳಿ ಅಂತ ಹೇಳಿಯೇ ಕೊಡುತ್ತೇನೆ. ಗಾಂಜಾದಲ್ಲಿರುವ ಟಿಎಚ್‌ಸಿಯೂ ಅದನ್ನೇ ಮಾಡುತ್ತದೆ. ಎದೆ ಬಡಿತ ಏರಿಸುತ್ತದೆ, ಎದ್ದು ನಿಂತಾಗ ಬಿಪಿ ಇಳಿಸುತ್ತದೆ. ಎರಡೂ ಸೇರಿದರೆ ಬೀಳುವುದು ಖಂಡಿತ ಅನ್ನುವಷ್ಟು ಹತ್ತಿರ. ಈ ವಯಸ್ಸಿನಲ್ಲಿ ಸೊಂಟದ ಮೂಳೆ ಮುರಿದರೆ ಏನಾಗುತ್ತದೆ ಅಂತ ನಾನು ಹೇಳಬೇಕಾಗಿಲ್ಲ. ಗ್ಲಿಮೆಪಿರೈಡ್ ತೆಗೆದುಕೊಳ್ಳುವವರಿಗೆ ಶುಗರ್ ಇಳಿದರೂ ಬೆವರು, ನಡುಕ, ಗಲಿಬಿಲಿ, ಎದೆ ಹೊಡೆತ. ಗಾಂಜಾ ಜಾಸ್ತಿ ಆದರೂ ಹೆಚ್ಚು ಕಡಿಮೆ ಇವೇ ಲಕ್ಷಣ. ಪಕ್ಕದಲ್ಲಿದ್ದವರು ನಶೆ ಇಳಿಯಲಿ ಬಿಡು ಅಂತ ಮಲಗಿಸಿದರೆ, ಒಳಗೆ ಶುಗರ್ 50ಕ್ಕೆ ಇಳಿದಿದ್ದರೆ ಏನು ಗತಿ?

ಹೃದಯದ ವಾಲ್ವ್ ಬದಲಿಸಿಕೊಂಡು ರಕ್ತ ತೆಳು ಮಾಡುವ ವಾರ್ಫರಿನ್ ತೆಗೆದುಕೊಳ್ಳುವವರು ಇದರ ಹತ್ತಿರವೂ ಹೋಗಬಾರದು. ಗಾಂಜಾ, ಅದೇ ಗಿಡದಿಂದ ತೆಗೆಯುವ ಸಿಬಿಡಿ ಎರಡೂ ವಾರ್ಫರಿನ್ ಮೈಯಿಂದ ಹೊರಹೋಗುವುದನ್ನು ತಡೆದು ಅದರ ಬಲ ಹೆಚ್ಚಿಸಬಹುದು, ರಕ್ತಸ್ರಾವ ಆಗಬಹುದು. ಸ್ಟೆಂಟ್ ಹಾಕಿಸಿಕೊಂಡು ರಕ್ತ ಹೆಪ್ಪುಗಟ್ಟದ ಹಾಗೆ ತಡೆಯುವ ಕ್ಲೋಪಿಡೋಗ್ರೆಲ್ ತೆಗೆದುಕೊಳ್ಳುವವರಿಗೆ ಸಿಬಿಡಿಯಿಂದ ಉಲ್ಟಾ ತೊಂದರೆ ಆಗಬಹುದು, ಆ ಗುಳಿಗೆ ಲಿವರ್‌ನಲ್ಲಿ ಬದಲಾದ ಮೇಲೇ ಕೆಲಸ ಮಾಡುವುದು, ಸಿಬಿಡಿ ಆ ಬದಲಾವಣೆಗೇ ಅಡ್ಡ ಬರುತ್ತದೆ. ನಿದ್ದೆ ಗುಳಿಗೆ ತಿನ್ನುವವರ ಕಥೆ ಬೇರೆ ಹೇಳಬೇಕಿಲ್ಲ. ಸಿಬಿಡಿಯಲ್ಲಿ ನಶೆ ಇಲ್ಲ, ಹಾಗಾಗಿ ಅಪಾಯವೂ ಇಲ್ಲ ಅಂತ ಈ ಪುಸ್ತಕ ಹೇಳುತ್ತದೆ. ನಶೆ ಇಲ್ಲ ಅನ್ನುವುದು ನಿಜ. ಎರಡನೆಯದು ನಿಜವಲ್ಲ. ಇವೆಲ್ಲ ರಹಸ್ಯವೇನೂ ಅಲ್ಲ, ಒಬ್ಬ ಫಾರ್ಮಸಿಸ್ಟ್‌ಗೆ ಅರ್ಧ ದಿನ ಕೂರಿಸಿ ಆರು ಪುಟ ಓದಿಸಿದ್ದರೆ ಸಾಕಿತ್ತು.

ನೋವಿಗೆ ಇದು ಕೆಲಸವನ್ನೇ ಮಾಡುವುದಿಲ್ಲವಾ ಅಂದರೆ, ಹಾಗೂ ಹೇಳಲಾರೆ. ಬಹುಕಾಲದ ನೋವಿಗೆ ಸ್ವಲ್ಪ ಮಟ್ಟಿಗೆ ಆರಾಮ ಕೊಡುತ್ತದೆ ಅನ್ನುವ ಅಧ್ಯಯನಗಳಿವೆ. ಆದರೆ ಅದು ಡಾಕ್ಟರ್ ನೋಡಿ, ಕಡಿಮೆ ಪ್ರಮಾಣದಿಂದ ಶುರು ಮಾಡಿ, ವಾರಗಟ್ಟಲೆ ಗಮನಿಸುವ ಚಿಕಿತ್ಸೆ. ಪ್ರವಾಸದ ಒಂದು ಸಂಜೆ ಕೇಕ್ ತಿಂದು ಸವೆದ ಮೊಣಕಾಲು ಸರಿ ಮಾಡಿಕೊಳ್ಳುವ ಮಾತಲ್ಲ.

ಇನ್ನು ದೇಶಗಳ ಪಟ್ಟಿ. ನೆದರ್‌ಲ್ಯಾಂಡ್ಸ್ ಬಗ್ಗೆ ಬರೆದದ್ದು ಬಹುಮಟ್ಟಿಗೆ ಸರಿ ಇದೆ. ಕಾಫಿಶಾಪ್ ಅಂತ ಬೋರ್ಡ್ ಇದ್ದರೆ ಅದು ಗಾಂಜಾ ಅಂಗಡಿ, ಬರೀ ಕಾಫಿ ಬೇಕಾದರೆ ಕೆಫೆ ಅಂತ ಇರುವಲ್ಲಿಗೆ ಹೋಗಿ, 18 ತುಂಬಿರಬೇಕು, ಒಬ್ಬರಿಗೆ ದಿನಕ್ಕೆ 5 ಗ್ರಾಂ, ತಂಬಾಕು ಬೆರೆಸಿ ಒಳಗೆ ಸೇದುವಂತಿಲ್ಲ, ಎಲ್ಲ ಸರಿ. ಆದರೆ ಅಲ್ಲಿಯೂ ಅದು ಪೂರ್ತಿ ಕಾನೂನುಬದ್ಧ ಅಲ್ಲ. 1976ರಿಂದ ಅವರು ಮಾಡಿಕೊಂಡು ಬಂದದ್ದು ನೋಡಿಯೂ ನೋಡದ ಹಾಗೆ ಇರುವ ಏರ್ಪಾಡು, ನಿಯಮದೊಳಗೆ ಮಾರಿದರೆ ಕೇಸು ಹಾಕುವುದಿಲ್ಲ ಅಷ್ಟೇ. 2023ರ ಮೇ ತಿಂಗಳಿಂದ ಆಮ್‌ಸ್ಟರ್‌ಡ್ಯಾಂನ ಹಳೇ ಪೇಟೆಯ ಕೆಂಪು ದೀಪದ ಬೀದಿಗಳಲ್ಲಿ ಸೇದಿದರೆ 100 ಯುರೋ ದಂಡ. 2024ರ ಮುದ್ರಣದಲ್ಲಿ ಇದು ಇರಬೇಕಿತ್ತು, ಇಲ್ಲ. ಮಾಸ್ಟ್ರಿಕ್ಟ್ ಊರಿನಲ್ಲಿ ಪರದೇಶದವರಿಗೆ ಕಾಫಿಶಾಪ್ ಒಳಗೇ ಬಿಡುವುದಿಲ್ಲ, ಅದೂ ಇಲ್ಲ.

ಜರ್ಮನಿ 2024ರ ಏಪ್ರಿಲ್ 1ರಿಂದ ಮುಕ್ತ ಅಂತ ಬರೆದಿದ್ದಾರೆ. ಮುಕ್ತ ಯಾರಿಗೆ? 25 ಗ್ರಾಂ ಜೇಬಿನಲ್ಲಿಟ್ಟುಕೊಳ್ಳಬಹುದು ನಿಜ, ಆದರೆ ಅಂಗಡಿಯೇ ಇಲ್ಲ. ಬೆಳೆದು ಹಂಚಿಕೊಳ್ಳುವ ಸಂಘಗಳಿವೆ, ಅವುಗಳ ಸದಸ್ಯರಾಗಲು ಆರು ತಿಂಗಳಾದರೂ ಅಲ್ಲಿ ವಾಸವಿರಬೇಕು. ಪ್ರವಾಸಿಗೆ ಉಳಿಯುವುದು ಬೀದಿಬದಿಯಲ್ಲಿ ಕಳ್ಳತನದಿಂದ ಮಾರುವವನು ಮಾತ್ರ, ಅವನ ಹತ್ತಿರ ಕೊಂಡರೆ ಅದು ಕಾನೂನಿನ ಹೊರಗೆ. ಉರುಗ್ವೆ ಹೆಸರೂ ಇದೆ ಪಟ್ಟಿಯಲ್ಲಿ. 2013ರಲ್ಲಿ ಕಾನೂನು ಮಾಡಿದ ಮೊದಲ ದೇಶ ಅದು, ಸರಿ, ಆದರೆ ಅಲ್ಲಿ ಔಷಧ ಅಂಗಡಿಯಲ್ಲಿ ಮಾರುವುದು ಅಲ್ಲಿನ ನಾಗರಿಕರಿಗೆ ಮತ್ತು ಕಾಯಂ ನಿವಾಸಿಗಳಿಗೆ.

ಥಾಯ್ಲೆಂಡ್ ವಿಷಯ ಎಲ್ಲಕ್ಕಿಂತ ಮುಖ್ಯ, ಯಾಕೆಂದರೆ ನಮ್ಮ ಬಳ್ಳಾರಿ, ರಾಯಚೂರು ಕಡೆಯ ಜನ ಜಾಸ್ತಿ ಹೋಗುವುದು ಅಲ್ಲಿಗೇ. ಪುಸ್ತಕದ ಪ್ರಕಾರ ಯಾವ ಅಂಗಡಿಗೆ ಬೇಕಾದರೂ ಹೋಗಿ ಕೊಳ್ಳಬಹುದು. 2022ರ ಜೂನ್‌ನಲ್ಲಿ ಮಾದಕ ವಸ್ತುಗಳ ಪಟ್ಟಿಯಿಂದ ತೆಗೆದಾಗ ಅದು ನಿಜವಿತ್ತು. 2025ರ ಜೂನ್‌ನಲ್ಲಿ ಸರ್ಕಾರ ನಿಯಮ ಬದಲಿಸಿತು, ಈಗ ವೈದ್ಯರ ಚೀಟಿ ಇಲ್ಲದೆ ಗಾಂಜಾ ಹೂವು ಮಾರುವಂತಿಲ್ಲ. ನಮಗೆ ಪುಸ್ತಕ ಕೊಟ್ಟದ್ದು ಸೆಪ್ಟೆಂಬರ್‌ನಲ್ಲಿ. ಒಂದು ಸಣ್ಣ ಚೀಟಿ ಮುದ್ರಿಸಿ ಒಳಗೆ ಇಡಬಹುದಿತ್ತು ಅಲ್ವಾ? ಮೆಡಿಕಲ್‌ನಲ್ಲಿ ನಾವು ಅವಧಿ ಮುಗಿದ ಔಷಧಿ ಒಂದು ಸ್ಟ್ರಿಪ್ ಕೊಟ್ಟರೂ ಜನ ಬಂದು ಜಗಳ ಆಡುತ್ತಾರೆ, ಆಡಲೇಬೇಕು.

ಅಮೆರಿಕ, ಕೆನಡಾ ಎರಡನ್ನೂ ಒಂದೇ ಪುಟದಲ್ಲಿ ಹಾಕಿ, ತಿನ್ನುವ ಪೊಟ್ಟಣದಲ್ಲಿ 10 ಮಿಲಿಗ್ರಾಂ ಮಾತ್ರ ಇರುತ್ತದೆ ಹೆದರಬೇಡಿ ಅಂತ ಬರೆದಿದ್ದಾರೆ. ಇದು ದೊಡ್ಡ ತಪ್ಪು. ಕೆನಡಾದಲ್ಲಿ ಇಡೀ ಪೊಟ್ಟಣಕ್ಕೆ 10 ಮಿಲಿಗ್ರಾಂ ಮಿತಿ. ಕ್ಯಾಲಿಫೋರ್ನಿಯಾದಲ್ಲಿ ಒಂದು ತುಂಡಿಗೆ 10, ಪೊಟ್ಟಣಕ್ಕೆ 100. ಮಗನ ಮನೆಯಲ್ಲಿ ಫ್ರಿಜ್ ತೆಗೆದು, ಜೆಲ್ಲಿ ಮಿಠಾಯಿ ಅಂದುಕೊಂಡು ನಾಲ್ಕು ಬಾಯಿಗೆ ಹಾಕಿಕೊಂಡ ಅಜ್ಜಿಯ ಗತಿ ಏನು? ಮಗಳ ಬಾಣಂತನಕ್ಕೆ ಅಂತ ಆರು ತಿಂಗಳು ಹೋಗುವವರು ನಮ್ಮ ಕಡೆ ಎಷ್ಟು ಮಂದಿ ಇದ್ದಾರೆ. ಹೋದ ದಿನವೇ ಮಕ್ಕಳನ್ನು ಕೇಳಿಬಿಡಿ, ಮನೆಯಲ್ಲಿ ಇಂಥದ್ದು ಇದೆಯಾ, ಎಲ್ಲಿಟ್ಟಿದ್ದೀರಿ ಅಂತ. ಮೊಮ್ಮಕ್ಕಳ ಕೈಗೂ ಸಿಗಬಾರದು.

ಅಮೆರಿಕದ ಬಗ್ಗೆ ಇನ್ನೊಂದು ಮಾತು ಈ ಪುಸ್ತಕದಲ್ಲಿ ಬಿಟ್ಟೇ ಹೋಗಿದೆ. ಕೊಲೊರಾಡೊ, ಕ್ಯಾಲಿಫೋರ್ನಿಯಾದಂಥ ರಾಜ್ಯಗಳಲ್ಲಿ 21 ತುಂಬಿದವರು ಕೊಳ್ಳಬಹುದು, ನಿಜ. ಆದರೆ ಕೇಂದ್ರದ ಕಾನೂನಿನಲ್ಲಿ ಅದು ಈಗಲೂ ನಿಷಿದ್ಧ, ಮತ್ತು ವೀಸಾ ನೋಡುವವರು ಕೇಂದ್ರದವರು. ವಿಮಾನ ನಿಲ್ದಾಣದಲ್ಲೋ ವೀಸಾ ಕಚೇರಿಯಲ್ಲೋ ಕೇಳಿದಾಗ, ಹೌದು ಹೋದ ಸಲ ಬಂದಾಗ ಸ್ವಲ್ಪ ತೆಗೆದುಕೊಂಡಿದ್ದೆ ಅಂತ ಒಪ್ಪಿಕೊಂಡರೂ ಒಳಗೆ ಬಿಡದೇ ಇರಬಹುದು. ಗ್ರೀನ್ ಕಾರ್ಡ್ ಇದ್ದವರಿಗೂ ತೊಂದರೆ ಆಗಬಹುದು. ಮೊಮ್ಮಗಳ ಮುಖ ನೋಡಲು ಹೋಗುವ ದಾರಿಯೇ ಮುಚ್ಚಿಹೋಗುವ ವಿಷಯ ಇದು, ಇದಕ್ಕೆ ಒಂದು ಸಾಲೂ ಕೊಟ್ಟಿಲ್ಲ. ರಾಷ್ಟ್ರೀಯ ಉದ್ಯಾನಗಳೂ ಕೇಂದ್ರದ ಜಾಗ, ಅಲ್ಲಿಯೂ ನಿಷೇಧ. ಕೆನಡಾದಲ್ಲಿ 2018ರ ಅಕ್ಟೋಬರ್ 17ರಿಂದ ಕಾನೂನುಬದ್ಧ, ಸಾರ್ವಜನಿಕವಾಗಿ 30 ಗ್ರಾಂವರೆಗೆ ಇಟ್ಟುಕೊಳ್ಳಬಹುದು. ಆದರೆ ನಯಾಗರಾ ನೋಡಲು ಗಡಿ ದಾಟುವಾಗ ಪರ್ಸಿನಲ್ಲಿ ಒಂದು ತುಂಡು ಉಳಿದಿದ್ದರೂ ಅದು ಅಪರಾಧ, ಎರಡೂ ಕಡೆ ಕಾನೂನುಬದ್ಧವಾಗಿದ್ದರೂ ಸರಿ.

ವಾಪಸ್ ಬರುವಾಗಿನ ಮಾತು ಇನ್ನೂ ಬಾಕಿ ಇದೆ. ಆಮ್‌ಸ್ಟರ್‌ಡ್ಯಾಂನ ಉಡುಗೊರೆ ಅಂಗಡಿಗಳಲ್ಲಿ ಗಾಂಜಾ ಎಲೆ ಚಿತ್ರದ ಲಾಲಿಪಾಪ್, ಬಿಸ್ಕತ್ತು, ಚಾ ಪುಡಿ ರಾಶಿ ರಾಶಿ ಇರುತ್ತವೆ. ಸಿಂಧನೂರಿನ ಒಬ್ಬ ಅಕ್ಕ ಮೊಮ್ಮಕ್ಕಳಿಗೆ ಅಂತ ಹಸಿರು ಲಾಲಿಪಾಪ್ 12 ಮತ್ತು ಕಾಲಿಗೆ ಹಚ್ಚಲು ಸಿಬಿಡಿ ಮುಲಾಮು ಒಂದು ಡಬ್ಬಿ ತೆಗೆದುಕೊಂಡಿದ್ದರು. ಲಾಲಿಪಾಪ್‌ನಲ್ಲಿ ಸಾಮಾನ್ಯವಾಗಿ ಬಣ್ಣ, ವಾಸನೆ ಬಿಟ್ಟರೆ ಏನೂ ಇರುವುದಿಲ್ಲ. ಆದರೆ ನಮ್ಮ ವಿಮಾನ ದುಬೈ ಮೇಲೆ ಬರುವುದು. ಅಲ್ಲಿ ಮಾದಕ ವಸ್ತುವಿನ ಕಾನೂನು ಎಷ್ಟು ಬಿಗಿ ಅಂದರೆ ಸಿಬಿಡಿಗೂ ಅವಕಾಶ ಇಲ್ಲ. ಎಲೆ ಚಿತ್ರ ನೋಡಿದ ಅಧಿಕಾರಿಗೆ ಇದು ಬರೀ ಸಕ್ಕರೆ ಅಂತ ಈ ಅಕ್ಕ ಯಾವ ಭಾಷೆಯಲ್ಲಿ ಹೇಳುತ್ತಾರೆ? ಹೊರಡುವ ದಿನ ಬೆಳಿಗ್ಗೆ ಹೋಟೆಲಿನಲ್ಲೇ ಕುಳಿತು ಚೀಲ ಬಿಚ್ಚಿಸಿದೆ. ಅಕ್ಕನಿಗೆ ಮನಸ್ಸೇ ಇರಲಿಲ್ಲ. ಲಾಲಿಪಾಪ್ ಒಂದೊಂದನ್ನೇ ಕಾಗದದ ಸಮೇತ ಡಬ್ಬಕ್ಕೆ ಹಾಕಿದರು, ಮುಲಾಮಿನ ಮುಚ್ಚಳ ತೆಗೆದು ಒಂದು ಸಲ ಮೂಸಿ ನೋಡಿ, ಕಾಲಿಗೆ ಒಂದಿಷ್ಟು ಹಚ್ಚಿಕೊಂಡು, ಅದನ್ನೂ ಹಾಕಿದರು. 19 ಯುರೋ ಕೊಟ್ಟಿದ್ದರಂತೆ. ಪುಸ್ತಕದಲ್ಲಿ ನೆನಪಿಗೆ ತರಬಹುದಾದ ಉಡುಗೊರೆಗಳು ಅನ್ನುವ ಜಾಗದಲ್ಲಿ ಇವೇ ಲಾಲಿಪಾಪ್‌ಗಳ ಫೋಟೋ ಹಾಕಿದ್ದಾರೆ! ಸಿಂಗಾಪುರ ಮೇಲೆ ಬರುವವರಂತೂ ಇನ್ನೂ ಎಚ್ಚರವಾಗಿರಬೇಕು. ಅಲ್ಲಿ 500 ಗ್ರಾಂಗಿಂತ ಜಾಸ್ತಿ ಗಾಂಜಾ ಸಾಗಿಸಿದರೆ ಮರಣದಂಡನೆ. ಇನ್ನೊಬ್ಬರ ಚೀಲ ಹಿಡಿದುಕೊಂಡು ಬರಬೇಡಿ, ಯಾರೇ ಎಷ್ಟೇ ಗೋಗರೆದರೂ.

ನಮ್ಮ ದೇಶದಲ್ಲಿ ಮಾದಕ ವಸ್ತುಗಳಿಗೆ 1985ರ ಎನ್‌ಡಿಪಿಎಸ್ ಕಾಯ್ದೆ ಇದೆ. ಗಾಂಜಾ ಅಂದರೆ ಗಿಡದ ಹೂವಿನ ತುದಿ. ಬರೀ ಎಲೆ, ಬೀಜ ಆ ವ್ಯಾಖ್ಯೆಯೊಳಗೆ ಬರುವುದಿಲ್ಲ, ಅದಕ್ಕೇ ಕೆಲವು ರಾಜ್ಯಗಳಲ್ಲಿ ಭಂಗಿ ಮಾರುತ್ತಾರೆ. ಗಾಂಜಾ ಒಂದು ಕಿಲೋವರೆಗೆ ಸಣ್ಣ ಪ್ರಮಾಣ ಅಂತ ಲೆಕ್ಕ, ಆದರೂ ಒಂದು ವರ್ಷದವರೆಗೆ ಜೈಲು, 10,000 ರೂಪಾಯಿವರೆಗೆ ದಂಡ, ಎರಡೂ ಆಗಬಹುದು. 20 ಕಿಲೋ ದಾಟಿದರೆ ಹತ್ತರಿಂದ 20 ವರ್ಷ. ಅಲ್ಲಿ ಬಿಲ್ ಹಾಕಿಸಿ ಕೊಂಡದ್ದು ಅಂದರೂ ಬೆಂಗಳೂರು ವಿಮಾನ ನಿಲ್ದಾಣದಲ್ಲಿ ಯಾರೂ ಒಪ್ಪುವುದಿಲ್ಲ. ಬ್ಯಾಂಕಾಕ್‌ನಿಂದ ಬಂದವರ ಚೀಲದಲ್ಲಿ ಗಾಂಜಾ ಹಿಡಿದ ಸುದ್ದಿ ಪೇಪರಿನಲ್ಲಿ ಮತ್ತೆ ಮತ್ತೆ ಬರುತ್ತಲೇ ಇದೆ.

ಅಧ್ಯಾಯದ ಶುರುವಿನಲ್ಲಿ, ಸಾಧುಗಳು ಸೇದುತ್ತಾರೆ, ಜಾತ್ರೆಗಳಲ್ಲಿ ಚಿಲುಮೆ ಇದೆ, ನಮ್ಮ ಹಿರಿಯರಿಗೆ ಇದು ಹೊಸದಲ್ಲ ಅಂತ ಒಂದು ಪೀಠಿಕೆ ಇದೆ. ನಮ್ಮ ಸೀಮೆಯಲ್ಲಿ, ಕೃಷ್ಣೆಯ ದಂಡೆಯ ಜಾತ್ರೆಗಳಲ್ಲಿ ಅವಧೂತರು, ಶರಣರು ಚಿಲುಮೆ ಹಚ್ಚುವುದನ್ನು ನಾನೂ ನೋಡಿದ್ದೇನೆ, ಅದನ್ನು ಹೀನಾಯ ಮಾಡುವುದಿಲ್ಲ. ಆದರೆ ಅದು ವರ್ಷಗಟ್ಟಲೆ ಅಭ್ಯಾಸ ಇದ್ದವರ ಮಾತು. ಈಗ ನೆದರ್‌ಲ್ಯಾಂಡ್ಸ್‌ನಲ್ಲಿ ಬೆಳೆಸುವ ಹೂವಿನಲ್ಲಿ ಟಿಎಚ್‌ಸಿ ಶೇಕಡಾ 15ರ ಆಸುಪಾಸು ಇರುತ್ತದೆ. ಜೀವನದಲ್ಲಿ ಒಂದು ಬೀಡಿಯನ್ನೂ ಮುಟ್ಟದ ಭತ್ತದ ರೈತನಿಗೆ ಜಾತ್ರೆಯ ಅಜ್ಜನನ್ನು ತೋರಿಸಿ ಧೈರ್ಯ ಹೇಳುವುದು ಸರಿಯಲ್ಲ.

ಹಂಪಿ ಎದುರಿನ ವಿರೂಪಾಪುರ ಗಡ್ಡೆಯಲ್ಲಿ ರೆಸಾರ್ಟ್‌ಗಳು ಇದ್ದಾಗ ಪರದೇಶದವರು ನನ್ನ ಅಂಗಡಿಗೆ ಬರುತ್ತಿದ್ದರು, ಓಆರ್‌ಎಸ್, ವಾಂತಿ ಗುಳಿಗೆ, ಸೊಳ್ಳೆ ಮುಲಾಮು ತೆಗೆದುಕೊಳ್ಳಲು. ಅವರ ಕೈಯಲ್ಲೂ ಒಂದೊಂದು ಪುಸ್ತಕ ಇರುತ್ತಿತ್ತು. ಇಂಡಿಯಾದಲ್ಲಿ ಗಾಂಜಾಕ್ಕೆ ಯಾರೂ ಏನೂ ಅನ್ನುವುದಿಲ್ಲ ಅಂತ ಒಬ್ಬ ಹಣ್ಣುಗೂದಲಿನ ಮನುಷ್ಯ ನನ್ನ ಹತ್ತಿರ ಬಹಳ ನಂಬಿಕೆಯಿಂದ ಹೇಳಿದ್ದ, ಪುಟ ತೆಗೆದು ತೋರಿಸಿಯೂ ಇದ್ದ. ಆ ಹೊತ್ತಿಗೆ ಕಾಯ್ದೆ ಬಂದು 20 ವರ್ಷ ಆಗಿತ್ತು. ಸುಪ್ರೀಂ ಕೋರ್ಟ್ ತೀರ್ಪಿನ ಮೇಲೆ 2020ರಲ್ಲಿ ಅಲ್ಲಿನ ರೆಸಾರ್ಟ್‌ಗಳನ್ನು ಕೆಡವಿದರು, ಅದಕ್ಕೆ ಕಾರಣ ಅನಧಿಕೃತ ಕಟ್ಟಡ, ಈ ವಿಷಯ ಅಲ್ಲ. ಆದರೆ ಆಮ್‌ಸ್ಟರ್‌ಡ್ಯಾಂನಲ್ಲಿ ಗೌಡರ ಪಕ್ಕ ನೆಲದ ಮೇಲೆ ಕುಳಿತಿದ್ದಾಗ ನನಗೆ ಆ ಮನುಷ್ಯನೇ ನೆನಪಾದ. ಅವನಿಗೆ ನಮ್ಮ ಊರು ಪರದೇಶ. ಪುಸ್ತಕದವನು ಹೇಳಿದ್ದನ್ನು ಬಿಟ್ಟರೆ ಅವನಿಗೆ ಬೇರೆ ಏನು ಗೊತ್ತಿತ್ತು?

ಇನ್ಶೂರೆನ್ಸ್ ಬಗ್ಗೆ ಚಿಕ್ಕದಾಗಿ. ನಮ್ಮ ಪ್ರವಾಸ ಪಾಲಿಸಿಯನ್ನು ಬಂದ ಮೇಲೆ ಪೂರ್ತಿ ಓದಿದೆ. ನಶೆಯಲ್ಲಿದ್ದಾಗ ಆದ ತೊಂದರೆಗೆ ಹಣ ಕೊಡುವುದಿಲ್ಲ ಅಂತ ಸ್ಪಷ್ಟವಾಗಿದೆ. ಅಲ್ಲಿ ಕಾನೂನುಬದ್ಧವೋ ಇಲ್ಲವೋ ಅನ್ನುವ ವಿನಾಯಿತಿ ಇಲ್ಲ. ನೀವೂ ನಿಮ್ಮದನ್ನು ಓದಿಕೊಳ್ಳಿ.

ಐದಕ್ಕೆ ಎರಡು ನಕ್ಷತ್ರ ಕೊಡುತ್ತೇನೆ. ಉಳಿದ ಅಧ್ಯಾಯಗಳಿಗೆ ನಾಲ್ಕು ಕೊಡಬಹುದಿತ್ತು. ಕಂಪನಿಯವರಿಗೆ ಮೂರು ಪುಟದ ಪತ್ರ ಬರೆದೆ, ಫೋನ್ ಮಾಡಿದರು, ಮುಂದಿನ ಮುದ್ರಣದಲ್ಲಿ ನೋಡುತ್ತೇವೆ ಸರ್ ಅಂದರು. ಮುಂದಿನ ಮುದ್ರಣ ಯಾವಾಗ ಅಂದರೆ, ಈಗಿನದು ಖಾಲಿ ಆದ ಮೇಲೆ ಅಂದರು. ಖಾಲಿ ಆಗುವವರೆಗೆ ಎಷ್ಟು ಜನರ ಕೈ ಸೇರುತ್ತದೋ.

ಅಲ್ಲಿಯವರೆಗೆ ನಾನು ಮಾಡಿದ್ದು ಇಷ್ಟು. ನನ್ನ ಪುಸ್ತಕದ ಆ ಅಧ್ಯಾಯದ ಮೊದಲ ಪುಟಕ್ಕೆ ಒಂದು ಬಿಳಿ ಹಾಳೆ ಅಂಟಿಸಿ, ಯಾವ ಗುಳಿಗೆ ತೆಗೆದುಕೊಳ್ಳುವವರು ಇದನ್ನು ಮುಟ್ಟಬಾರದು, ತಿಂದರೆ ಎಷ್ಟು ಹೊತ್ತು ಕಾಯಬೇಕು, ಹೆಚ್ಚು ಕಡಿಮೆ ಆದರೆ ಏನು ಮಾಡಬೇಕು, ವಾಪಸ್ ಬರುವಾಗ ಚೀಲದಲ್ಲಿ ಏನೇನು ಇರಬಾರದು ಅಂತ ಕೈಯಲ್ಲೇ ದೊಡ್ಡ ಅಕ್ಷರದಲ್ಲಿ ಬರೆದಿಟ್ಟಿದ್ದೇನೆ. ಗೌಡರು ಬಂದು ಓದಿ, "ಎರಡು ತಾಸು ಕಾಯ್ರಿ ಅನ್ನೋದರ ಕೆಳಗ ಒಂದು ಗೆರಿ ಎಳಿ" ಅಂದರು. ಎಳೆದಿದ್ದೇನೆ. ಪುಸ್ತಕ ಕೌಂಟರ್ ಮೇಲೆಯೇ ಇದೆ. ಗಂಗಾವತಿ ಸುತ್ತಮುತ್ತಲಿನವರು ಯಾರಾದರೂ ಹೊರಡುವವರಿದ್ದರೆ ಗುಳಿಗೆ ಡಬ್ಬಿ ಸಮೇತ ಬನ್ನಿ, ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಗಿರಾಕಿ ಕಡಿಮೆ, ಕುಳಿತು ನೋಡೋಣ.